ಮುನಿಯಪ್ಪ ಎಂದರೆ ಯಾವ ಮುನಿಯಪ್ಪ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಯಾವುದೇ ತಾಲ್ಲೂಕು ಕಚೇರಿಯ ಮುಂದೆ ಸೋಮವಾರ ಬೆಳಿಗ್ಗೆ ನಿಂತು ‘ಮುನಿಯಪ್ಪಾ’ ಎಂದು ಒಮ್ಮೆ ಜೋರಾಗಿ ಕೂಗಿ ನೋಡಿ. ಅರಳಿ ಕಟ್ಟೆಯ ಮೇಲೆ ಕುಳಿತವರೊಬ್ಬರು, ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನಿಂತವರೊಬ್ಬರು, ಟೀ ಲೋಟ ಹಿಡಿದವರೊಬ್ಬರು ಒಟ್ಟಿಗೇ ತಿರುಗುತ್ತಾರೆ. ‘ನಾರಾಯಣಸ್ವಾಮಿ’ ಎಂದರೂ ಅಷ್ಟೇ, ‘ಲಕ್ಷ್ಮಮ್ಮ’ ಎಂದರೂ ಅಷ್ಟೇ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಯಾವ ಮುನಿಯಪ್ಪ?’

ಹೆಸರು ಇರುವುದು ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಗುರುತಿಸುವುದಕ್ಕೆ ಎಂದು ನಾವು ತಿಳಿದಿದ್ದೇವೆ. ಆದರೆ ನಮ್ಮ ಕಡೆಯ ಹೆಸರುಗಳು ಆ ಕೆಲಸವನ್ನು ಅರ್ಧ ಮಾತ್ರ ಮಾಡುತ್ತವೆ. ಉಳಿದರ್ಧವನ್ನು ಮಾಡುವುದು ಊರು. ಊರು ಆ ಕೆಲಸ ಮಾಡುತ್ತಿರುವ ತನಕ ತೊಂದರೆ ಇಲ್ಲ. ಊರಿನ ಜಾಗದಲ್ಲಿ ಕಡತ, ಕಂಪ್ಯೂಟರು ಬಂದು ಕೂತಾಗ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಊರಿಗೇ ಹೆಸರು ಸಾಲದಾಗ

ಈ ಸೀಮೆಯಲ್ಲಿ ಮನುಷ್ಯರಿಗಿರಲಿ, ಊರುಗಳಿಗೇ ಹೆಸರು ಸಾಲದೆ ಹೋಗಿದೆ. ಬಳ್ಳಾಪುರ ಎಂಬ ಹೆಸರಿನ ಎರಡು ಪಟ್ಟಣಗಳು ಅಕ್ಕಪಕ್ಕದಲ್ಲೇ ಇದ್ದುದರಿಂದ ಒಂದು ದೊಡ್ಡಬಳ್ಳಾಪುರವಾಯಿತು, ಇನ್ನೊಂದು ಚಿಕ್ಕಬಳ್ಳಾಪುರವಾಯಿತು. ಹೊಸಕೋಟೆ ಎಂದರೆ ಹೊಸದಾಗಿ ಕಟ್ಟಿದ ಕೋಟೆ, ಅಷ್ಟೇ. ಕಟ್ಟಿದವರು ಸುಗಟೂರಿನ ತಮ್ಮೇಗೌಡರು. ಶತಮಾನಗಳು ಕಳೆದು ಕೋಟೆ ಹಳತಾಗಿ ಅಳಿದರೂ ಹೆಸರು ಮಾತ್ರ ಹೊಸದಾಗಿಯೇ ಉಳಿದಿದೆ. ಇನ್ನು ಹೊಸಹಳ್ಳಿಗಳು ಎಷ್ಟಿವೆಯೋ ಲೆಕ್ಕವಿಲ್ಲ. ಆದ್ದರಿಂದಲೇ ಕಂದಾಯ ದಾಖಲೆಯಲ್ಲಿ ಹಳ್ಳಿಯ ಹೆಸರಿನ ಮುಂದೆ ಹೋಬಳಿಯ ಹೆಸರು ಬರೆಯದಿದ್ದರೆ ಕಾಗದ ಮುಂದಕ್ಕೆ ಹೋಗುವುದಿಲ್ಲ.

ಊರಿಗೆ ಮಾಡಿದ್ದನ್ನೇ ನಮ್ಮ ಹಿರಿಯರು ಮಕ್ಕಳಿಗೂ ಮಾಡಿದರು. ಮುನಿಯಪ್ಪ ಎಂಬ ಹೆಸರನ್ನು ಇಬ್ಬರು ಗಂಡುಮಕ್ಕಳಿಗೂ ಇಟ್ಟು ಹಿರಿಯವನನ್ನು ದೊಡ್ಡಮುನಿಯಪ್ಪ, ಕಿರಿಯವನನ್ನು ಚಿಕ್ಕಮುನಿಯಪ್ಪ ಎಂದು ಕರೆದ ಮನೆಗಳು ಈಗಲೂ ಇವೆ. ಹೊರಗಿನವರು ನಗಬಹುದು. ಆದರೆ ಮೈಸೂರು ಅರಸರ ಪಟ್ಟಿಯಲ್ಲೂ ದೊಡ್ಡದೇವರಾಜ ಒಡೆಯರ ನಂತರ ಬಂದವರು ಚಿಕ್ಕದೇವರಾಜ ಒಡೆಯರೇ. ಕೃಷ್ಣರಾಜ ಒಡೆಯರಂತೂ ನಾಲ್ವರು. ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಎಣಿಕೆಯಿಲ್ಲದೆ ಅವರನ್ನು ಬೇರ್ಪಡಿಸಲಾಗದು. ನಾವು ‘ನಾಲ್ವಡಿ’ ಎಂದರೆ ಈಗ ಅದೇ ಒಬ್ಬರ ಹೆಸರಾಗಿಬಿಟ್ಟಿದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮಾತೂ ಹೀಗೆಯೇ. ಕೆರೆ, ಗುಡಿ, ಗೋಪುರಗಳಲ್ಲಿ ಯಾವುದು ಹಿರಿಯ ಕೆಂಪೇಗೌಡರದು, ಯಾವುದು ಇಮ್ಮಡಿ ಕೆಂಪೇಗೌಡರದು ಎಂಬ ಚರ್ಚೆ ಇತಿಹಾಸಕಾರರಿಗೆ ಇನ್ನೂ ಮುಗಿದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರಿಟ್ಟರು, 2022ರ ನವೆಂಬರ್‌ನಲ್ಲಿ ಅಲ್ಲಿ 108 ಅಡಿಯ ಪ್ರತಿಮೆಯೂ ನಿಂತಿತು. ಹೆಸರು ಒಂದೇ ಆದರೂ ಗೌರವ ಹಂಚಿಹೋಗುವುದು ತಪ್ಪಲಿಲ್ಲ.

ದೇವರ ಲೆಕ್ಕದ ಹೆಸರುಗಳು

ಒಂದೇ ಹೆಸರು ಇಷ್ಟು ಜನಕ್ಕೆ ಏಕೆ ಬಂತು? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹಳ್ಳಿಯ ಹೊರಗೆ ಹುಣಸೆ ಮರದ ಬುಡದಲ್ಲೋ ಕೆರೆ ಏರಿಯ ಮೇಲೋ ಇರುವ ಮುನೇಶ್ವರನ ಗುಡಿಗೆ ಹೋದರೆ ಸಾಕು. ಬೆಂಗಳೂರು, ಕೋಲಾರ ಸೀಮೆಗಳಲ್ಲಿ ಮುನೇಶ್ವರ ಊರು ಕಾಯುವ ದೇವರು. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋದವನನ್ನು ಕಾಯುವವನು, ಮಗುವಿನ ಜ್ವರ ಇಳಿಸುವವನು. ಹುಟ್ಟಿದ ಮಗು ಉಳಿಯಲಿ ಎಂದು ಅವನಿಗೆ ಹರಕೆ ಹೊತ್ತ ಮೇಲೆ ಉಳಿದ ಮಗುವಿಗೆ ಅವನ ಹೆಸರೇ. ಮುನಿಯಪ್ಪ, ಮುನಿಯಮ್ಮ, ಮುನಿರಾಜು, ಮುನೇಗೌಡ, ಮುನಿಸ್ವಾಮಿ ಇವೆಲ್ಲ ಹಾಗೆ ಬಂದವು.

ಮನೆದೇವರು ತಿರುಪತಿಯ ವೆಂಕಟರಮಣನಾಗಿ, ಊರದೇವರು ಮುನೇಶ್ವರನಾದರೆ ಇಬ್ಬರಿಗೂ ಬೇಸರವಾಗಬಾರದೆಂದು ಮುನಿವೆಂಕಟಪ್ಪ ಎಂದಿಟ್ಟರು. ಹನುಮನ ಭಕ್ತರಾದರೆ ಮುನಿಹನುಮಯ್ಯ. ಶ್ಯಾಮನನ್ನು ಸೇರಿಸಿದರೆ ಮುನಿಶಾಮಪ್ಪ. ತೆಲುಗಿನ ನೆರಳು ಬಿದ್ದ ಹಳ್ಳಿಗಳಲ್ಲಿ ಪುಟ್ಟ ಮಗು ಎಂಬರ್ಥದ ‘ಪಿಲ್ಲ’ ಸೇರಿ ಪಿಲ್ಲಪ್ಪ, ಪಿಲ್ಲಮ್ಮ ಆದರು.

ಪ್ರತಿ ತಾಲ್ಲೂಕಿಗೂ ತನ್ನದೇ ದೇವರ ಹೆಸರುಗಳಿವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿಯಲ್ಲಿ ಸುಬ್ರಹ್ಮಣ್ಯನೂ ನರಸಿಂಹನೂ ಒಂದೇ ಶಿಲೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಹಿಂದಿರುವ ನರಸಿಂಹನನ್ನು ಭಕ್ತರು ಕನ್ನಡಿಯಲ್ಲಿ ನೋಡುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಸುಬ್ಬಣ್ಣ, ನಾಗರಾಜ, ನರಸಿಂಹಮೂರ್ತಿಗಳಿಗೆ ಬರವಿಲ್ಲದಿರುವುದು ಇದರಿಂದಲೇ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದ ಗಂಗಾಧರೇಶ್ವರನಿಂದ ಗಂಗಾಧರ, ಗಂಗಯ್ಯ, ಗಂಗಮ್ಮ ಬಂದರೆ, ಅಲ್ಲಿನ ಹೊನ್ನಾದೇವಿಯಿಂದ ಹೊನ್ನಮ್ಮ, ಹೊನ್ನಪ್ಪ ಬಂದರು. ದೇವನಹಳ್ಳಿಯ ಕೋಟೆ ಕಟ್ಟಿಸಿದ ಆವತಿಯ ನಾಡಪ್ರಭುಗಳ ವಂಶದಲ್ಲಿ ರಣಭೈರೇಗೌಡ, ಮಲ್ಲಭೈರೇಗೌಡ ಎಂಬ ಹೆಸರುಗಳು ಕಾಣುತ್ತವೆ. ಇಂದಿನ ಬೈರೇಗೌಡ, ಬೈರಪ್ಪ, ಬೈರಮ್ಮ ಎಲ್ಲರೂ ಅದೇ ಭೈರವನ ಹೆಸರಿನವರು.

ಇದರ ಜೊತೆಗೆ ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿ. ತಾತ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವೆಂದರೆ ತಾತನೇ ಬಂದನೆಂಬ ಭಾವ. ಒಬ್ಬ ತಾತನಿಗೆ ನಾಲ್ವರು ಗಂಡುಮಕ್ಕಳಿದ್ದರೆ ನಾಲ್ಕು ಮನೆಗಳಲ್ಲಿ ನಾಲ್ಕು ಮೊಮ್ಮಕ್ಕಳಿಗೆ ಅದೇ ಹೆಸರು. ಹೊಸ ಹೆಸರು ಹುಡುಕುವುದು ಆಗಿನವರಿಗೆ ಜಾಣತನವಾಗಿರಲಿಲ್ಲ, ಹಿರಿಯರನ್ನು ಮರೆತಂತೆ ಆಗುತ್ತಿತ್ತು.

ಊರು ಕೊಡುವ ಎರಡನೆಯ ಹೆಸರು

ಹಾಗಾದರೆ ಒಂದೇ ಊರಿನಲ್ಲಿ ಐವರು ಮುನಿಯಪ್ಪಂದಿರಿದ್ದರೆ ಜನ ಹೇಗೆ ನಿಭಾಯಿಸುತ್ತಿದ್ದರು? ಬಹಳ ಸುಲಭವಾಗಿ. ಬಾವಿಮನೆ ಮುನಿಯಪ್ಪ, ಮೂಲೆಮನೆ ಮುನಿಯಪ್ಪ, ರಾಗಿ ಮಿಲ್ಲಿನ ಮುನಿಯಪ್ಪ, ಮಿಲ್ಟ್ರಿ ಮುನಿಯಪ್ಪ, ಕುಂಟ ಮುನಿಯಪ್ಪ. ಕೊನೆಯದು ಕೇಳಲು ಕಟುವಾದರೂ ಹಳ್ಳಿ ಅದನ್ನು ಬೈಗುಳವೆಂದು ಹೇಳುತ್ತಿರಲಿಲ್ಲ, ವಿಳಾಸವೆಂದು ಹೇಳುತ್ತಿತ್ತು. ಹಾಗೆ ಕರೆಸಿಕೊಂಡವನಿಗೆ ನೋವಾಗುತ್ತಿರಲಿಲ್ಲ ಎಂದು ಮಾತ್ರ ಹೇಳಲಾಗದು.

ಈ ವಿದ್ಯೆ ನಮ್ಮದೊಂದೇ ಅಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಹಳ್ಳಿಗಳಲ್ಲಿ ಎತ್ತ ನೋಡಿದರೂ ಜೋನ್ಸ್‌ಗಳು. ಅಲ್ಲಿ ಹಾಲಿನ ಜೋನ್ಸ್, ರೊಟ್ಟಿಯ ಜೋನ್ಸ್ ಎಂದು ಕಸುಬಿನಿಂದ ಗುರುತಿಸುವ ರೂಢಿ ಬೆಳೆಯಿತು. ದಕ್ಷಿಣ ಕೊರಿಯಾದಲ್ಲಿ ಐವರಲ್ಲಿ ಒಬ್ಬರ ಮನೆತನದ ಹೆಸರು ಕಿಮ್. ಅಲ್ಲಿ ಎಲ್ಲ ಕಿಮ್‌ಗಳೂ ಒಂದಲ್ಲ, ಮೂಲಸ್ಥಾನದ ಊರಿನ ಹೆಸರು ಹೇಳಿ ತಮ್ಮ ಬಳ್ಳಿ ಯಾವುದೆಂದು ತೋರಿಸುತ್ತಾರೆ. ನಮ್ಮವರು ಹೆಸರಿನ ಹಿಂದೆ ಇನಿಷಿಯಲ್ ಇಟ್ಟುಕೊಂಡು ಮಾಡಿದ್ದೂ ಇದನ್ನೇ.

ಡಿ.ವಿ.ಜಿ. ಎಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಹುಟ್ಟಿದ್ದು ಮುಳಬಾಗಿಲಿನಲ್ಲಾದರೂ ಹೆಸರಿನಲ್ಲಿ ದೇವನಹಳ್ಳಿ ಉಳಿಯಿತು. ಗುಂಡಪ್ಪ ಆಗ ಬಹಳ ಸಾಮಾನ್ಯ ಹೆಸರು. ಕನ್ನಡ ಸಾಹಿತ್ಯದಲ್ಲೇ ಎಲ್.ಗುಂಡಪ್ಪ ಎಂಬ ಇನ್ನೊಬ್ಬ ವಿದ್ವಾಂಸರಿದ್ದರು. ಇಬ್ಬರನ್ನೂ ಬೇರೆ ಮಾಡುತ್ತಿದ್ದುದು ಅಕ್ಷರಗಳೇ. ವೆಂಕಟೇಶ ಎಂಬ ಹೆಸರಿನವರು ಕರ್ನಾಟಕದಲ್ಲಿ ಎಷ್ಟು ಮಂದಿಯೋ. ಆದರೆ ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರನ್ನು ಹೆಸರಿಗೆ ಅಂಟಿಸಿಕೊಂಡ ವೆಂಕಟೇಶ ಅಯ್ಯಂಗಾರ್ ಒಬ್ಬರೇ. ಈಗ ‘ಮಾಸ್ತಿ’ ಎಂದರೆ ಜನರಿಗೆ ಊರಿಗಿಂತ ಮೊದಲು ಮನುಷ್ಯರು ನೆನಪಾಗುತ್ತಾರೆ. ಪುಟ್ಟಪ್ಪ ಎಂಬ ಮನೆಮನೆಯ ಹೆಸರಿನವರು ಮೂರು ಅಕ್ಷರ ಜೋಡಿಸಿಕೊಂಡು ಕುವೆಂಪು ಆದರು. ಸಾಮಾನ್ಯ ಹೆಸರು ದೊಡ್ಡ ಕೆಲಸಕ್ಕೆ ಅಡ್ಡ ಬರುವುದಿಲ್ಲ, ಪಕ್ಕದಲ್ಲಿ ಒಂದು ಗುರುತು ಬೇಕು ಅಷ್ಟೇ ಎಂಬುದಕ್ಕೆ ಇವರೇ ಸಾಕ್ಷಿ.

ಮತಪೆಟ್ಟಿಗೆಯಲ್ಲಿ ನಾರಾಯಣಸ್ವಾಮಿಗಳು

ರಾಜಕೀಯದವರು ಈ ಗುಟ್ಟನ್ನು ಬೇಗ ತಿಳಿದರು. ದೇವನಹಳ್ಳಿಯಿಂದ 2018ರಲ್ಲಿ ಗೆದ್ದವರು ನಿಸರ್ಗ ನಾರಾಯಣಸ್ವಾಮಿ. ಅವರನ್ನು 2023ರಲ್ಲಿ ಸೋಲಿಸಿದವರು ಕೆ.ಎಚ್.ಮುನಿಯಪ್ಪ. ಆ ಒಂದು ಸ್ಪರ್ಧೆಯಲ್ಲಿ ಈ ಸೀಮೆಯ ಎರಡು ಅತಿ ಸಾಮಾನ್ಯ ಹೆಸರುಗಳು ಎದುರುಬದುರಾಗಿದ್ದವು. ರಾಜ್ಯ ರಾಜಕೀಯದಲ್ಲಿ ಛಲವಾದಿ ನಾರಾಯಣಸ್ವಾಮಿ, ಎ.ನಾರಾಯಣಸ್ವಾಮಿ, ವೈ.ಎ.ನಾರಾಯಣಸ್ವಾಮಿ, ಎಸ್.ಎನ್.ನಾರಾಯಣಸ್ವಾಮಿ ಹೀಗೆ ಪಟ್ಟಿ ಬೆಳೆಯುತ್ತದೆ. ಸುದ್ದಿಮನೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಇದು ದಿನನಿತ್ಯದ ಅಪಾಯ. ಇನಿಷಿಯಲ್ ಒಂದು ತಪ್ಪಿದರೆ ಮರುದಿನ ತಿದ್ದುಪಡಿ ಹಾಕಬೇಕು. ಹೊಸಕೋಟೆಯಲ್ಲಿ ಎನ್.ನಾಗರಾಜು ಎಂದರೆ ಅರೆಕ್ಷಣ ಯೋಚಿಸುವ ಜನ ಎಂ.ಟಿ.ಬಿ. ಎಂದೊಡನೆ ತಲೆಯಾಡಿಸುತ್ತಾರೆ.

ನೆಲಮಂಗಲದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಡಾ.ಕೆ.ಶ್ರೀನಿವಾಸಮೂರ್ತಿ ಅವರನ್ನು ಸೋಲಿಸಿದವರು ಕಾಂಗ್ರೆಸ್ಸಿನ ಎನ್.ಶ್ರೀನಿವಾಸಯ್ಯ. ಇದು ಕೇವಲ ಕಾಕತಾಳೀಯ. ಆದರೆ ಹೆಸರಿನ ಹೋಲಿಕೆಯನ್ನು ಉಪಾಯವಾಗಿ ಬಳಸುವುದೂ ಉಂಟು. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲಿ ಸುಮಲತಾ ಅಂಬರೀಷ್ ಪಕ್ಷೇತರರಾಗಿ ನಿಂತಾಗ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಅವರು ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರಿಂದ ಹೆಸರಿನ ಗೊಂದಲ ಫಲಿತಾಂಶವನ್ನು ಮುಟ್ಟಲಿಲ್ಲ. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ. ಕೇರಳದ ಆಲಪ್ಪುಳದಲ್ಲಿ 2004ರಲ್ಲಿ ಕಾಂಗ್ರೆಸ್ಸಿನ ವಿ.ಎಂ.ಸುಧೀರನ್ ಸೋತದ್ದು 1,009 ಮತಗಳಿಂದ. ವಿ.ಎಸ್.ಸುಧೀರನ್ ಎಂಬ ಪಕ್ಷೇತರರಿಗೆ ಬಿದ್ದ ಮತಗಳು 8 ಸಾವಿರಕ್ಕೂ ಹೆಚ್ಚು.

ಕಾನೂನು ಏನು ಹೇಳುತ್ತದೆ? 1961ರ ಚುನಾವಣಾ ನಡವಳಿ ನಿಯಮಗಳ ಪ್ರಕಾರ ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆದರೆ ಅವರ ಕಸುಬನ್ನೋ ವಾಸಸ್ಥಳವನ್ನೋ ಸೇರಿಸಿ ಬೇರ್ಪಡಿಸಬೇಕು. ಅಂದರೆ ರಾಗಿ ಮಿಲ್ಲಿನ ಮುನಿಯಪ್ಪ, ಬಾವಿಮನೆ ಮುನಿಯಪ್ಪ ಎಂಬ ಹಳ್ಳಿಯ ನ್ಯಾಯವನ್ನೇ ಭಾರತ ಸರ್ಕಾರದ ನಿಯಮವೂ ಒಪ್ಪಿದೆ. 2015ರಿಂದ ಮತಯಂತ್ರದ ಮೇಲಿನ ಪಟ್ಟಿಯಲ್ಲಿ ಅಭ್ಯರ್ಥಿಯ ಭಾವಚಿತ್ರವೂ ಬಂದಿದೆ. ಆದರೂ ಒಂದೇ ಹೆಸರಿನವರ ಸ್ಪರ್ಧೆಯನ್ನು ತಡೆಯಬೇಕೆಂದು ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ತಂದೆ ತಾಯಿ ಇಟ್ಟ ಹೆಸರಿನ ಕಾರಣಕ್ಕೆ ಒಬ್ಬನ ಸ್ಪರ್ಧಿಸುವ ಹಕ್ಕನ್ನು ಕಿತ್ತುಕೊಳ್ಳಲಾದೀತೇ ಎಂಬುದು ನ್ಯಾಯಪೀಠದ ಪ್ರಶ್ನೆಯಾಗಿತ್ತು. ಸಾಮಾನ್ಯ ಹೆಸರಿನವರ ಪರವಾಗಿ ಇದಕ್ಕಿಂತ ಒಳ್ಳೆಯ ಮಾತು ಬೇರೆ ಬೇಕಿಲ್ಲ.

ಪಹಣಿಯ ಕಾಲಂ ಒಂಬತ್ತು

ಚುನಾವಣೆ ಐದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಹೆಸರಿನ ನಿಜವಾದ ಪರೀಕ್ಷೆ ನಡೆಯುವುದು ಪಹಣಿಯಲ್ಲಿ. ಮಾಲೀಕರ ಹೆಸರು ಬರೆಯುವ ಒಂಬತ್ತನೆಯ ಕಾಲಂನಲ್ಲಿ ‘ಮುನಿಶಾಮಪ್ಪ ಬಿನ್ ಮುನಿಯಪ್ಪ’ ಎಂದಿರುತ್ತದೆ. ‘ಬಿನ್’ ಎಂಬುದು ಅರಬ್ಬಿ ಪದ, ಮಗ ಎಂದರ್ಥ. ಹಳೆಯ ಕಂದಾಯ ಆಡಳಿತದ ಭಾಷೆಯಲ್ಲಿ ಬಂದು ನಮ್ಮ ಮುನಿಯಪ್ಪನ ಪಕ್ಕದಲ್ಲಿ ಖಾಯಂ ಆಗಿ ಕೂತುಬಿಟ್ಟಿದೆ. ಹೆಂಗಸಾದರೆ ‘ಕೋಂ’ ಎಂದು ಬರೆದು ಗಂಡನ ಹೆಸರು. ಅಡ್ಡಹೆಸರಿದ್ದರೆ ‘ಉರುಫ್’. ಕಡತಕ್ಕೆ ಗೊತ್ತಿರುವ ಗುರುತುಗಳು ಇಷ್ಟೇ. ಬಾವಿಮನೆಯೂ ಇಲ್ಲ, ರಾಗಿ ಮಿಲ್ಲೂ ಇಲ್ಲ.

ನಮ್ಮ ಮನೆಯಲ್ಲೇ ಇದು ಆಯಿತು. ದೇವನಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ತಾತನ ಹೆಸರಿನವರು ಮೂವರು. ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ತಾತ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ನಮ್ಮಪ್ಪ ಪೌತಿ ಖಾತೆಗೆ ಅರ್ಜಿ ಹಾಕಿದರು. ಮರಣ ಪ್ರಮಾಣಪತ್ರದಲ್ಲಿ ಒಂದು ಬಗೆಯ ಕಾಗುಣಿತ, ಪಹಣಿಯಲ್ಲಿ ಇನ್ನೊಂದು, ಹಳೆಯ ಕ್ರಯಪತ್ರದಲ್ಲಿ ಮತ್ತೊಂದು. ‘ಈ ಮೂವರೂ ಒಬ್ಬರೇ ಎಂಬುದಕ್ಕೆ ಆಧಾರ ಏನು?’ ಎಂದು ಕಚೇರಿಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ತನ್ನ ಅಪ್ಪ ತನ್ನ ಅಪ್ಪನೇ ಎಂದು ಅರವತ್ತು ದಾಟಿದ ಮನುಷ್ಯ ನೋಟರಿಯ ಮುಂದೆ ಪ್ರಮಾಣ ಮಾಡುವುದನ್ನು ನೋಡಿದಾಗ ನನಗೆ ಹೇಗೋ ಆಯಿತು. ನಮ್ಮಪ್ಪ ಮಾತ್ರ ಬೇಸರಿಸಿಕೊಳ್ಳಲಿಲ್ಲ. ‘ಹೆಸರಿಟ್ಟೋರು ಪಹಣಿ ನೋಡ್ಕೊಂಡು ಇಟ್ಟಿದ್ರಾ?’ ಎಂದು ನಕ್ಕರು.

ಕೊನೆಗೆ ಕೆಲಸಕ್ಕೆ ಬಂದದ್ದು ಯಾವುದೇ ಕಾಗದವಲ್ಲ. ಪಕ್ಕದ ಹೊಲದ ಎಂಬತ್ತು ವರ್ಷದ ಅಜ್ಜಿಯೊಬ್ಬರು ಗ್ರಾಮ ಆಡಳಿತಾಧಿಕಾರಿ ಮಹಜರಿಗೆ ಬಂದಾಗ ಬದುವಿನ ಮೇಲೆ ನಿಂತು, ‘ಈ ಹೊಂಗೆ ಮರ ನೆಟ್ಟೋನು ಇವರಪ್ಪ. ಇನ್ನೊಬ್ಬ ಮುನಿಶಾಮಪ್ಪನದು ಕೆರೆ ಕೆಳಗೆ’ ಎಂದರು. ಮಹಜರು ಹಾಗೇ ಬರೆದುಕೊಂಡರು. ಒಂದು ವರ್ಷದ ಅಲೆದಾಟ ಆ ಒಂದು ಮಾತಿನಿಂದ ಮುಗಿಯುವ ಕಡೆಗೆ ತಿರುಗಿತು. ಈಗ ಆ ಅಜ್ಜಿ ಇಲ್ಲ.

ಎಲ್ಲರ ಮನೆ ಪಕ್ಕದಲ್ಲೂ ಅಂಥ ಅಜ್ಜಿ ಇರುವುದಿಲ್ಲ. ಇದರಿಂದ ಹೆಚ್ಚು ಪೆಟ್ಟು ತಿನ್ನುವವರು ಬಡವರು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆಯನ್ನು ತಡೆಯಲು 1978ರಲ್ಲಿ ಕಾಯ್ದೆ ಬಂತು. ಅದಕ್ಕೆ 2023ರಲ್ಲಿ ತಿದ್ದುಪಡಿಯೂ ಆಗಿ, ಕಾಲಮಿತಿಯ ಕಾರಣಕ್ಕೆ ಅರ್ಜಿ ಬಿದ್ದುಹೋಗಬಾರದೆಂದು ಹೇಳಿತು. ಆದರೆ ಆ ಕಾಯ್ದೆಯಡಿ ಜಮೀನು ಕೇಳುವ ಮೊಮ್ಮಗ ಮೊದಲು ಸಾಬೀತು ಮಾಡಬೇಕಾದುದು, ಅರವತ್ತು ಎಪ್ಪತ್ತು ವರ್ಷದ ಹಿಂದಿನ ಸಾಗುವಳಿ ಚೀಟಿಯಲ್ಲಿರುವ ಮುನಿಯಪ್ಪ ತನ್ನ ತಾತನೇ ಎಂದು. ಆಗ ಹೆಬ್ಬೆಟ್ಟು ಒತ್ತಿದ ಮನುಷ್ಯನಿಗೆ ಇನಿಷಿಯಲ್ ಇರಲಿಲ್ಲ. ಎದುರಿನವರು ‘ಅದು ಬೇರೆ ಮುನಿಯಪ್ಪ’ ಎಂದರೆ ಸಾಕು, ವಾದ ಬೆಳೆಯುತ್ತದೆ.

ಹೆಣ್ಣುಮಕ್ಕಳ ಮಾತು ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ಪಾಲು ಕೇಳಲು ವಂಶವೃಕ್ಷದಲ್ಲಿ ಅವಳ ಹೆಸರಿರಬೇಕು. ತವರಿನಲ್ಲಿ ಲಕ್ಷ್ಮಮ್ಮ, ಗಂಡನ ಮನೆಯಲ್ಲಿ ಅತ್ತೆಯ ಹೆಸರೂ ಲಕ್ಷ್ಮಮ್ಮ ಆಗಿದ್ದರಿಂದ ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಮ್ಮ. ಇಂಥವಳ ಮೂರು ಹೆಸರುಗಳು ಒಬ್ಬಳದೇ ಎಂದು ಸಾಧಿಸುವ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಪಾಲು ಆಗಿಹೋಗಿರಬಹುದು.

ವಿಮಾನ ನಿಲ್ದಾಣ ಬಂದ ಮೇಲೆ ಈ ಜಿಲ್ಲೆಯ ನೆಲದ ಬೆಲೆ ಏರಿತು. ಕೈಗಾರಿಕೆಗೆಂದು, ರಸ್ತೆಗೆಂದು ಭೂಸ್ವಾಧೀನ ನೋಟಿಸುಗಳು ಬಂದವು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಸ್ವಾಧೀನವಾದ ಕಡೆ ಪರಿಹಾರದ ಹಣ ಬರುವುದು ದಾಖಲೆಯಲ್ಲಿರುವ ಹೆಸರಿಗೆ. ಎಕರೆಗೆ ಸಾವಿರ ರೂಪಾಯಿ ಇದ್ದ ಕಾಲದಲ್ಲಿ ‘ಯಾವ ಮುನಿಯಪ್ಪ’ ಎಂಬುದು ಕಟ್ಟೆಯ ಮೇಲಿನ ತಮಾಷೆಯಾಗಿತ್ತು. ಎಕರೆಗೆ ಕೋಟಿ ಎನ್ನುವ ಕಾಲದಲ್ಲಿ ಅದು ಕೋರ್ಟಿನ ಪ್ರಶ್ನೆ.

ಕಂಪ್ಯೂಟರು ಬಂದ ಮೇಲೆ

ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಶಾನುಭೋಗರ ಕೈಬರಹದ ಪುಸ್ತಕ ಹೋಗಿ ಮುದ್ರಿತ ಪಹಣಿ ಬಂದದ್ದು ದೊಡ್ಡ ಉಪಕಾರ. ಯಾರ ಮುಲಾಜೂ ಇಲ್ಲದೆ ಪಹಣಿ ಸಿಗುವಂತಾಯಿತು. ಆದರೆ ಶಾನುಭೋಗರ ತಲೆಯಲ್ಲಿದ್ದ ‘ಇವನು ಬಾವಿಮನೆಯವನು’ ಎಂಬ ಮಾಹಿತಿ ಯಾವ ಕಾಲಂನಲ್ಲೂ ಇರಲಿಲ್ಲವಾದ್ದರಿಂದ ಅದು ಕಂಪ್ಯೂಟರಿಗೆ ಹೋಗಲಿಲ್ಲ. ಟೈಪು ಮಾಡಿದವರ ಕೈಯಲ್ಲಿ ಮುನಿಶಾಮಪ್ಪ ಮುನಿಸ್ವಾಮಪ್ಪನಾದದ್ದೂ ಉಂಟು. ನಮ್ಮೂರಲ್ಲಿ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಬೇರೆ ಬೇರೆ.

ಇದಕ್ಕೆ ಪರಿಹಾರವೆಂಬಂತೆ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸಕ್ಕೆ ಕಂದಾಯ ಇಲಾಖೆ ಚುರುಕು ಕೊಟ್ಟಿತು. ಆಧಾರ್ ಒಬ್ಬನನ್ನು ಗುರುತಿಸುವುದು ಹೆಸರಿನಿಂದಲ್ಲ, ಬೆರಳಚ್ಚು ಮತ್ತು ಕಣ್ಣಿನ ಪಾಪೆಯಿಂದ. ಸಾವಿರ ಮುನಿಯಪ್ಪಂದಿರಿದ್ದರೂ ಸಾವಿರ ಸಂಖ್ಯೆ. ಬದುಕಿರುವವರ ಮಟ್ಟಿಗೆ ಇದು ಒಳ್ಳೆಯ ಬೇಲಿ. ಆದರೆ ಪಹಣಿಯಲ್ಲಿ ಇನ್ನೂ ಕೂತಿರುವ ಎಷ್ಟೋ ಮುನಿಯಪ್ಪಂದಿರು ತೀರಿಕೊಂಡು ದಶಕಗಳಾಗಿವೆ. ಅವರ ಬೆರಳಚ್ಚು ಎಲ್ಲಿಂದ ತರುವುದು? ಪೌತಿ ಖಾತೆ ಮಾಡಿಸಿಕೊಳ್ಳಿ ಎಂದು ಸರ್ಕಾರವೇ ಆಂದೋಲನದ ರೀತಿ ಹೇಳುತ್ತಿರುವುದು ಇದಕ್ಕಾಗಿ.

ಹೆಸರಿನ ತೊಡಕು ಊರಿನ ಗಡಿಯನ್ನೂ ದಾಟಿದೆ. ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲೇ ಆದರೂ ‘ಮುನಿರಾಜು’ ಎಂಬ ಒಂದೇ ಪದದ ಪಾಸ್‌ಪೋರ್ಟು ಹಿಡಿದ ಹುಡುಗನಿಗೆ ಅಲ್ಲಿಂದ ಹಾರುವುದು ಸಲೀಸಲ್ಲ. ಅಮೆರಿಕದ ವೀಸಾದಲ್ಲಿ ಅವನ ಹೆಸರು ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂಬರ್ಥದ ‘ಎಫ್‌ಎನ್‌ಯು’ ಅಕ್ಷರಗಳು ಬೀಳುತ್ತವೆ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಪದದ ಹೆಸರಿನ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದಿತು, ಬಳಿಕ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದು ಸಡಿಲಿಸಿತು. ಕೆನಡಾ ದೇಶ ಒಂದು ಕಾಲದಲ್ಲಿ ಸಿಂಗ್, ಕೌರ್ ಎಂಬ ಹೆಸರು ತೀರಾ ಸಾಮಾನ್ಯವಾಯಿತು, ಬೇರೆ ಹೆಸರು ಸೇರಿಸಿಕೊಳ್ಳಿ ಎಂದು ವಲಸೆ ಬರುವವರಿಗೆ ಹೇಳುತ್ತಿತ್ತು. ವಿರೋಧ ಬಂದ ಮೇಲೆ 2007ರಲ್ಲಿ ಆ ಪದ್ಧತಿ ಬಿಟ್ಟಿತು.

ಲಾಭವೂ ಉಂಟು

ಇಷ್ಟೆಲ್ಲ ಕೇಳಿದ ಮೇಲೆ ಸಾಮಾನ್ಯ ಹೆಸರೇ ಬೇಡವೆನಿಸಬಹುದು. ಆದರೆ ಇನ್ನೊಂದು ಪಕ್ಕವಿದೆ.

ಮೊದಲನೆಯದು, ನೆಂಟಸ್ತನ. ಹೊಸ ಊರಿಗೆ ಹೋದಾಗ ‘ನಿಮ್ಮ ಹೆಸರೇ ನಮ್ಮಣ್ಣಂದು’ ಎಂದು ಯಾರಾದರೂ ಒಬ್ಬರು ಹೇಳುತ್ತಾರೆ, ಕೂರಲು ಚಾಪೆ ಹಾಕುತ್ತಾರೆ. ಹೆಸರು ಬಿಡಿಸಿ ಹೇಳಬೇಕಾಗಿಲ್ಲ, ಶಾಲೆಯಲ್ಲಿ ಹುಡುಗರು ಗೇಲಿ ಮಾಡುವುದಿಲ್ಲ.

ಎರಡನೆಯದು, ಮರೆ. ಇಂಟರ್ನೆಟ್ಟಿನಲ್ಲಿ ಅಪರೂಪದ ಹೆಸರಿನವನನ್ನು ಹುಡುಕಿದರೆ ಅವನ ಶಾಲೆ, ಕೆಲಸ, ಜಗಳ ಎಲ್ಲವೂ ಸಿಗುತ್ತದೆ. ನಾಗರಾಜನನ್ನು ಹುಡುಕಿ ನೋಡಿ. ಲಕ್ಷ ನಾಗರಾಜರ ನಡುವೆ ಒಬ್ಬ ನಾಗರಾಜ ನೆಮ್ಮದಿಯಾಗಿ ಇರಬಹುದು. ಅದೇ ಕಾರಣಕ್ಕೆ ಯಾರೋ ಮಾಡಿದ ತಪ್ಪಿಗೆ ಇವನ ಮನೆ ಬಾಗಿಲು ತಟ್ಟುವ ಅಪಾಯವೂ ಇದೆ ಎಂಬುದನ್ನು ಮರೆಯಬಾರದು.

ಮೂರನೆಯದು, ನನ್ನ ದೃಷ್ಟಿಯಲ್ಲಿ ದೊಡ್ಡದು. ಮುನಿಯಪ್ಪ, ನಾರಾಯಣಸ್ವಾಮಿ, ಕೃಷ್ಣಪ್ಪ ಎಂಬ ಹೆಸರು ಕೇಳಿ ಜಾತಿ ಹೇಳುವುದು ಈ ಸೀಮೆಯಲ್ಲಿ ಕಷ್ಟ. ದಲಿತರ ಕೇರಿಯಲ್ಲೂ ಮುನಿಯಪ್ಪನಿದ್ದಾನೆ, ಒಕ್ಕಲಿಗರ ಬೀದಿಯಲ್ಲೂ ಇದ್ದಾನೆ, ತಿಗಳರಲ್ಲೂ ಕುರುಬರಲ್ಲೂ ಇದ್ದಾನೆ. ಹಿಂದೆ ಊರಿನ ಯಜಮಾನರು ಒಬ್ಬನನ್ನು ಮುನಿಯಪ್ಪನವರೇ ಎಂದೂ ಇನ್ನೊಬ್ಬನನ್ನು ‘ಲೇ ಮುನಿಗ’ ಎಂದೂ ಕರೆಯುತ್ತಿದ್ದರು ಎಂಬುದು ನಿಜ. ಆದರೆ ಶಾಲೆಯ ಹಾಜರಿ ಪುಸ್ತಕದಲ್ಲಿ, ಮತದಾರರ ಪಟ್ಟಿಯಲ್ಲಿ ಇಬ್ಬರೂ ಮುನಿಯಪ್ಪಂದಿರೇ. ಪೂರ್ತಿ ಹೆಸರನ್ನು ಎಲ್ಲರಿಗೂ ಒಂದೇ ರೀತಿ ಬರೆದ ಮೊದಲ ಪುಸ್ತಕಗಳು ಅವು. ಕಡತವನ್ನು ಇಷ್ಟು ಬೈದ ಮೇಲೆ ಅದಕ್ಕೆ ಸಲ್ಲಬೇಕಾದ ಈ ಮಾತನ್ನೂ ಹೇಳಬೇಕು.

ಏನು ಮಾಡಬಹುದು

ಈಗಿನ ಮಕ್ಕಳಿಗೆ ಮುನಿಯಪ್ಪ ಎಂದು ಹೆಸರಿಡುವವರು ಕಡಿಮೆ. ಮುನಿರಾಜುವಿನ ಮಗನಿಗೆ ಎರಡಕ್ಷರದ ಮೂರಕ್ಷರದ ಹೊಸ ಹೆಸರು, ಅದೂ ಟೀವಿಯಲ್ಲಿ ಕೇಳಿದ್ದು. ಆದರೆ ಎಲ್ಲರೂ ಒಂದೇ ಟೀವಿ ನೋಡುವುದರಿಂದ ಒಂದನೇ ತರಗತಿಯಲ್ಲಿ ಅದೇ ಹೆಸರಿನ ನಾಲ್ವರು ಮತ್ತೆ ಸೇರುತ್ತಾರೆ. ಹೆಸರು ಬದಲಾಗಿದೆ, ಸಮಸ್ಯೆ ಅಲ್ಲೇ ಇದೆ.

ಆದ್ದರಿಂದ ಸಾಮಾನ್ಯ ಹೆಸರಿನವರು ಹೆಸರು ಬದಲಿಸಿಕೊಳ್ಳಬೇಕಿಲ್ಲ, ಸ್ವಲ್ಪ ಎಚ್ಚರ ವಹಿಸಿದರೆ ಸಾಕು. ಇನಿಷಿಯಲ್ ಇಟ್ಟುಕೊಂಡರೆ ಶಾಲೆ, ಬ್ಯಾಂಕು, ಪಹಣಿ, ಆಧಾರ್ ಎಲ್ಲ ಕಡೆ ಅದೇ ಅಕ್ಷರಗಳು, ಅದೇ ಕಾಗುಣಿತ ಇರಲಿ. ಮನೆಯಲ್ಲಿ ಒಂದು, ದಾಖಲೆಯಲ್ಲಿ ಒಂದು ಹೆಸರಿದ್ದರೆ ‘ಉರುಫ್’ ಎಂದು ಎರಡನ್ನೂ ನಮೂದಿಸಿಕೊಳ್ಳುವುದು ಒಳ್ಳೆಯದು. ಪಹಣಿಯಲ್ಲಿ ತಾತನ ಹೆಸರೇ ಇದ್ದರೆ ಪೌತಿ ಖಾತೆಗೆ ಈಗಲೇ ಅರ್ಜಿ ಹಾಕಿ. ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಎರಡೂ ಹೆಸರುಗಳನ್ನು ಬರೆಸಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನಲ್ಲಿ ‘ಯಾವ ಮುನಿಯಪ್ಪ’ ಎಂದು ಹೇಳಬಲ್ಲ ಹಿರಿಯರು ಬದುಕಿರುವಾಗಲೇ ಅವರನ್ನು ಕೂರಿಸಿ ಕೇಳಿ ಬರೆದಿಟ್ಟುಕೊಳ್ಳಿ.

ಕ್ರಯಪತ್ರದಲ್ಲಿ ಜಮೀನಿಗೆ ಚಕ್ಕುಬಂದಿ ಬರೆಯುತ್ತಾರೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಇಂಥವರ ತೋಟ. ಸರ್ವೆ ನಂಬರು ಇದ್ದರೂ ಚಕ್ಕುಬಂದಿ ಬರೆಯುವುದನ್ನು ಬಿಟ್ಟಿಲ್ಲ. ನೆಲವನ್ನು ಗುರುತಿಸಲು ಅದರ ನಂಬರಿನ ಜೊತೆಗೆ ಅಕ್ಕಪಕ್ಕದವರೂ ಬೇಕೆಂದು ಬರೆದವರಿಗೆ ಗೊತ್ತಿತ್ತು. ನಮ್ಮ ತಾತನ ಖಾತೆ ಈಗ ನಮ್ಮಪ್ಪನ ಹೆಸರಿಗೆ ಬಂದಿದೆ. ಕಳೆದ ವಾರ ಹೊಸ ಪಹಣಿ ತೆಗೆಸಿಕೊಂಡು ಬಂದ ಅಪ್ಪ ಅದರ ಹಿಂಬದಿಯಲ್ಲಿ ಪೆನ್ನಿನಿಂದ ಏನೋ ಬರೆದು ಪೆಟ್ಟಿಗೆಗೆ ಹಾಕಿದರು. ತೆಗೆದು ನೋಡಿದೆ. ‘ಹೊಂಗೆಮರದ ಮುನಿಶಾಮಪ್ಪನ ಮಗ’ ಎಂದಿತ್ತು.